ಮಡ್ಡಿ ಹೊಲಕ್ಕೆ ಬಂದ ಮಣ್ಣಿನ ಸಾಹೇಬರು

ಒಣದ್ರಾಕ್ಷಿ ಮಾರಲು ವಿಜಯಪುರಕ್ಕೆ ಹೋಗಿದ್ದ ನಿಮ್ಮಪ್ಪ ಸಂಜೆ ಬಂದು ಚಪ್ಪಲಿ ಬಿಡುತ್ತಲೇ, “ಯವ್ವಾ, ನಿಮ್ಮ ಮಣ್ಣಿನ ಸಾಹೇಬ್ರು ಹ್ವಾದ್ರಂತ” ಎಂದ. ‘ನಿಮ್ಮ’ ಎಂಬ ಮಾತನ್ನು ಗಮನಿಸಿರಿ. ದ್ರಾಕ್ಷಿ ತೋಟ ಅವನದು, ತೋಟದ ಮುಂದೆ ನಿಂತು ತೆಗೆಸಿಕೊಂಡ ಫೋಟೋ ಅವನದು, ಸಾಹೇಬರು ಮಾತ್ರ ನನ್ನವರು.

ನೀವಿಬ್ಬರೂ ಮೊಮ್ಮಕ್ಕಳು ಮೊಬೈಲಿನಿಂದ ತಲೆ ಎತ್ತದೆ, “ಯಾರ್ ಆಯಿ ಅವ್ರು?” ಎಂದಿರಿ. ನಾನು, “ಒಬ್ಬರು ಇದ್ರು” ಎಂದು ಹೇಳಿ ಒಳಗೆ ಹೋದೆ. ಬಾಯಿಂದ ಉದ್ದ ಮಾತು ನನಗೆ ಮೊದಲಿನಿಂದಲೂ ಬರುವುದಿಲ್ಲ. ಸಾರವಾಡದ ಸಾಲೆಯಲ್ಲಿ ಏಳನೆಯ ಇಯತ್ತೆಯ ತನಕ ಕಲಿತ ನಾಲ್ಕು ಅಕ್ಷರಗಳಿವೆಯಲ್ಲ, ಅವುಗಳಿಂದಲೇ ಹೇಳುತ್ತೇನೆ. ಓದುತ್ತೀರೆಂಬ ಭರವಸೆ ನನಗೇನೂ ಇಲ್ಲ. ಪರೀಕ್ಷೆಗೆ ಬರುವ ಪಾಠವನ್ನೇ ಓದದವರು ನೀವು.

ಅವರ ಹೆಸರು ಬರೆಯುವುದಿಲ್ಲ. ಊರಿನಲ್ಲಿ ಯಾರೂ ಅವರನ್ನು ಹೆಸರು ಹಿಡಿದು ಕರೆದವರಲ್ಲ. ಮುಂದೆ ಇದ್ದಾಗ ‘ಸಾಹೇಬ್ರು’, ಬೆನ್ನು ತಿರುಗಿದ ಮೇಲೆ ‘ಮಣ್ಣು ತಿನ್ನಾಂವ’. ಎರಡಕ್ಕೂ ಅವರು ಒಂದೇ ಮುಖ ಮಾಡುತ್ತಿದ್ದರು. ಆ ಮುಖವಾದರೂ ಎಂಥದು! ಯಾರೋ ಸಾಲ ಕೇಳಲು ಬಂದಾಗ ಮಾಡುವ ಮುಖ. ಗಿಡ್ಡ ಆಳು, ಗುಂಡು ಹೊಟ್ಟೆ, ತಲೆಯ ಮೇಲೆ ಒದ್ದೆ ಟವೆಲ್ಲು, ಅದರ ಮೇಲೊಂದು ಬುಟ್ಟಿಯಂಥ ಟೊಪ್ಪಿಗೆ. ಹುಟ್ಟಿ ಬೆಳೆದದ್ದು ವಿಜಯಪುರದಲ್ಲಿ, ಆದರೂ ಬಿಸಿಲಿಗೆ ಅವರು ಬೈಯುವುದನ್ನು ಕೇಳಿದರೆ ಯಾರೋ ಮೋಸ ಮಾಡಿ ಆವತ್ತೇ ಅವರನ್ನು ಈ ಕಡೆ ತಂದು ಬಿಟ್ಟಿದ್ದಾರೆ ಅನ್ನಿಸುತ್ತಿತ್ತು.

ಅವರು ಬಂದ ಕಾಲ ಹೇಳುತ್ತೇನೆ. ಹೊಳೆಯ ನೀರನ್ನು ಎತ್ತಿ ಪೈಪಿನಲ್ಲಿ ತಿಕೋಟಾದ ಕಡೆಗೆ ತರುವ ಕೆಲಸ ಶುರುವಾಗಿತ್ತು. ನೀರು ಬರುವುದಕ್ಕೆ ಮೊದಲೇ ನೀರಿನ ಜಗಳ ಬಂದು ಮುಟ್ಟಿತ್ತು. ಅಷ್ಟರಲ್ಲಿ, ಯಾವ ಹೊಲದಲ್ಲಿ ಎಂಥ ಮಣ್ಣಿದೆ, ಎಷ್ಟು ಆಳ ಇದೆ, ಎಷ್ಟು ನೀರು ಹಿಡಿಯುತ್ತದೆ ಎಂದು ನೋಡಿ ನಕಾಶೆ ತೆಗೆಯುತ್ತಾರಂತೆ, ಆ ನಕಾಶೆಯಂತೆ ನೀರು ಹಂಚುತ್ತಾರಂತೆ ಎಂಬ ಸುದ್ದಿ ಬಂತು. ಊರು ಹೊಟ್ಟೆ ಹಿಡಿದು ನಕ್ಕಿತು. ನಮ್ಮ ಮಣ್ಣನ್ನು ನಮಗೆ ತೋರಿಸಲು ಜೀಪಿನಲ್ಲಿ ಒಬ್ಬರು ಬರುತ್ತಾರೆಂದರೆ ನಗದೆ ಇನ್ನೇನು? ನಕ್ಕು ಮುಗಿದ ಮೇಲೆ, ಆ ಒಬ್ಬರನ್ನು ಯಾರ ಮನೆಯಲ್ಲಿ ಇಳಿಸಿಕೊಳ್ಳಬೇಕು ಎಂಬುದಕ್ಕೆ ಪೈಪೋಟಿ ನಡೆಯಿತು.

ಗೆದ್ದವನು ನಿಮ್ಮ ದೊಡ್ಡಜ್ಜ. ನಿಮ್ಮಜ್ಜನ ಅಣ್ಣ, ನನಗೆ ಭಾವ. ಗೆದ್ದು ಅವರನ್ನು ತನ್ನ ಮನೆಯಲ್ಲಿ ಇಟ್ಟುಕೊಂಡನೆಂದು ತಿಳಿಯಬೇಡಿರಿ. ನಮ್ಮ ಮುಂದಿನ ಖೋಲಿ ಖಾಲಿ ಇತ್ತು, ನಿಮ್ಮಜ್ಜ ತೀರಿಕೊಂಡು ವರ್ಷ ಕಳೆದಿತ್ತು, ವಿಧವೆಗೆ ನಾಲ್ಕು ರೊಟ್ಟಿ ಹೆಚ್ಚಿಗೆ ಬಡಿಯುವುದು ಏನು ಮಹಾ ಎಂದು ಅವರನ್ನು ನಮ್ಮಲ್ಲಿ ಇಳಿಸಿದ. ಹೀಗಾಗಿ ಸಾಹೇಬರ ಪರಿಚಯದ ಗೌರವ ದೊಡ್ಡಜ್ಜನಿಗೆ, ಸಾಹೇಬರ ರೊಟ್ಟಿಯ ಗೌರವ ನನಗೆ ಬಂತು.

ಮೊದಲ ದಿನ ಊಟಕ್ಕೆ ಕೂತಾಗ ದೊಡ್ಡಜ್ಜ ಎದುರಿಗೆ ಬಂದು ಕೂತ. “ಸಾಹೇಬ್ರ, ಯಾವ ಮಂದಿ ರೀ ನೀವು?” ಎಂದ.

“ವಿಜಯಪುರದವ್ರು.”

“ಅದು ಗೊತ್ತಾತ್ರಿ. ಮೂಲ?”

“ಮೂಲ ತಳದಾಗ ಇರ್ತೈತ್ರಿ. ತೋಡಿ ನೋಡಬೇಕಾಗ್ತೈತಿ” ಎಂದು ಸಾಹೇಬರು ಪುಂಡಿಪಲ್ಯದ ಕಡೆ ಕೈ ಚಾಚಿದರು.

ದೊಡ್ಡಜ್ಜ ಬಿಡುವವನಲ್ಲ. ಮನೆದೇವರು ಯಾವುದು, ಹೆಣ್ಣು ತಂದದ್ದು ಯಾವ ಊರಿನಿಂದ, ಅಡ್ಡಹೆಸರು ಏನು ಎಂದು ತೋಡಿದ. ಸಾಹೇಬರು ನೆಲ ತೋಡಿದ್ದಕ್ಕಿಂತ ಹೆಚ್ಚು ತೋಡಿದ. ಅವರು ಪ್ರತಿ ಪ್ರಶ್ನೆಗೂ ಒಂದು ದೊಡ್ಡ ತುತ್ತು ಬಾಯಿಗೆ ಇಟ್ಟುಕೊಂಡರು. ಅಂದು ಐದು ರೊಟ್ಟಿ ಖರ್ಚಾದವು, ಉತ್ತರ ಒಂದೂ ಬರಲಿಲ್ಲ. ನಾನು ಕೇಳಲಿಲ್ಲ, ನನಗೆ ಇಂದಿಗೂ ಗೊತ್ತಿಲ್ಲ. ಉಂಡ ತಾಟನ್ನು ತಾವೇ ಬಚ್ಚಲಿಗೆ ಒಯ್ದು ತೊಳೆದು ಬೋರಲು ಹಾಕುತ್ತಿದ್ದರು. ಅದು ಅವರ ರೂಢಿಯೋ, ಹಿಂದೆ ಯಾರೋ ಯಾವುದೋ ಊರಲ್ಲಿ ಕಲಿಸಿದ ಪಾಠವೋ ತಿಳಿಯದು. ಒಂದು ದಿನ ನಾನು ತಾಟನ್ನು ಅವರ ಕೈಯಿಂದ ಇಸಿದುಕೊಂಡೆ. ಮರುದಿನದಿಂದ ತಾಟು ಇದ್ದಲ್ಲೇ ಇರುತ್ತಿತ್ತು. ಅಷ್ಟೇ ಅಲ್ಲ, ಮರುದಿನದಿಂದಲೇ ಪಲ್ಯಕ್ಕೆ ಉಪ್ಪು ಕಡಿಮೆ, ಚಟ್ನಿಗೆ ಬೆಳ್ಳುಳ್ಳಿ ಕಡಿಮೆ ಎಂದು ತಕರಾರು ತೆಗೆಯಲೂ ಶುರು ಮಾಡಿದರು.

ಅವರ ಕೆಲಸ ನೋಡಲು ಊರ ಹೆಂಗಸರಿಗೆ ಬಲು ಮೋಜು. ಹೊಲದಲ್ಲಿ ಉದ್ದನೆಯ ಬೈರಿಗೆಯಂಥದ್ದನ್ನು ತಿರುವಿ ತಿರುವಿ ನೆಲಕ್ಕೆ ಇಳಿಸಿ ಮಣ್ಣು ತೆಗೆಯುವುದು. ಕೆಲವು ಕಡೆ ಆಳುಗಳಿಂದ ಆಳುದ್ದದ ತೆಗ್ಗು ತೋಡಿಸಿ ತಾವೇ ಒಳಗೆ ಇಳಿಯುವುದು. ಒಂದು ಹಿಡಿ ಮಣ್ಣಿಗೆ ನೀರು ಚಿಮುಕಿಸಿ ಹಪ್ಪಳದ ಹಿಟ್ಟಿನಂತೆ ನಾದುವುದು, ಹೆಬ್ಬೆರಳಿನಿಂದ ಒತ್ತಿ ಒತ್ತಿ ಪಟ್ಟಿ ಎಳೆಯುವುದು. ಪಟ್ಟಿ ಉದ್ದ ಬಂದರೆ ಜಿಗುಟು ಮಣ್ಣು, ತುಂಡಾದರೆ ಹಗುರು ಮಣ್ಣು. ಸಣ್ಣ ಬಾಟಲಿಯಿಂದ ಆಸಿಡ್ ಬಿಟ್ಟು ಮಣ್ಣು ಬುಸುಬುಸು ನೊರೆ ಎದ್ದರೆ, ಸುಣ್ಣ ಐತಿ ಎಂದು ಹುಬ್ಬು ಗಂಟಿಕ್ಕುವುದು. ಒಂದು ಬಣ್ಣದ ಪುಸ್ತಕವೂ ಇತ್ತು. ಹಾಳೆ ತುಂಬ ಕಂದು, ಬೂದು, ಕೆಂಪಿನ ಸಣ್ಣ ಸಣ್ಣ ಚೌಕಗಳು. ಹೆಂಟೆಯನ್ನು ಅದರ ಪಕ್ಕ ಹಿಡಿದು, ಯಾವ ಬಣ್ಣಕ್ಕೆ ಹೊಂದುತ್ತದೆ ಎಂದು ಕಣ್ಣು ಕಿರಿದು ಮಾಡಿ ನೋಡುತ್ತಿದ್ದರು.

ಪಕ್ಕದ ಮನೆಯ ನೀಲವ್ವ ಒಂದು ದಿನ ಹಸಿರು ಇಳಕಲ್ ಸೀರೆ ಹಿಡಿದು ಬಂದು, “ಸಾಹೇಬ್ರ, ಇದಕ್ಕೊಂದು ಕುಬಸದ ಬಣ್ಣ ಹೊಂದಿಸಿ ಹೇಳ್ರಿ” ಎಂದಳು. ನಾವೆಲ್ಲ ಸೆರಗಿನಲ್ಲಿ ನಕ್ಕೆವು. ಅವರು ನಗಲಿಲ್ಲ. ಪುಸ್ತಕದ ಹಾಳೆಗಳನ್ನು ಒಂದೊಂದಾಗಿ ತಿರುವಿ, “ನಿಮಗ ಹೊಂದೂ ಬಣ್ಣ ನೆಲದಾಗ ಇಲ್ಲ ಬಿಡ್ರಿ” ಎಂದರು. ನೀಲವ್ವ ಅದನ್ನು ಹೊಗಳಿಕೆ ಎಂದು ತಿಳಿದು ವಾರವಿಡೀ ಹಿಗ್ಗಿದಳು. ಇರಬಹುದು. ಆ ಮನುಷ್ಯನ ಬೈಗುಳ ಯಾವುದು, ಹೊಗಳಿಕೆ ಯಾವುದು ಎಂದು ಹೇಳಲು ಆ ಬಾಟಲಿಯ ಆಸಿಡ್ ಬಿಟ್ಟೇ ನೋಡಬೇಕಾಗುತ್ತಿತ್ತು.

ಮನೆಗೆ ಬಂದರೂ ಬೆರಳು ಸುಮ್ಮನಿರುತ್ತಿರಲಿಲ್ಲ. ಒಮ್ಮೆ ನಾನು ರೊಟ್ಟಿ ಬಡಿಯುತ್ತಿದ್ದಾಗ ಬಂದು, ಪರಾತದಿಂದ ಒಂದು ಚೂರು ಜೋಳದ ಹಿಟ್ಟು ಚಿವುಟಿ, ಹೆಬ್ಬೆರಳಿನಿಂದ ಒತ್ತಿ, “ಪಟ್ಟಿ ಬರೂದಿಲ್ಲ ಇದು” ಎಂದರು. ರೊಟ್ಟಿ ಬರುತ್ತದಲ್ಲ, ಅಷ್ಟು ಸಾಲದೇ ಎಂದು ನಾನು ಮನಸ್ಸಿನಲ್ಲಿ ಅಂದುಕೊಂಡೆ. ಹೊರಗೆ ಅನ್ನಲಿಲ್ಲ. ಆಗ ನಾನು ಹೊರಗೆ ಏನನ್ನೂ ಅನ್ನುತ್ತಿರಲಿಲ್ಲ.

ಈಗ ನಮ್ಮ ಹೊಲದ ಮಾತಿಗೆ ಬರಬೇಕು. ಊರ ಕೆಳಗಿನದು ಎರಿ ಹೊಲ. ಕರಿ ಮಣ್ಣು, ಆಳ ಮಣ್ಣು. ಮಳೆಯಲ್ಲಿ ಕಾಲಿಗೆ ಅಂಟಿ ಚಪ್ಪಲಿ ಕಸಿದುಕೊಳ್ಳುತ್ತದೆ, ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರುಕು ಬಿಡುತ್ತದೆ. ಮೇಲಿನದು ಮಡ್ಡಿ. ಒಂದೆರಡು ಗೇಣು ಮಣ್ಣು, ಅದರ ಕೆಳಗೆ ಕಲ್ಲುಹರಳಿನ ಗರಸು. ಕಂದು ಹುಲ್ಲು, ಅಲ್ಲೊಂದು ಜಾಲಿ, ಇಲ್ಲೊಂದು ಬಾರಿಹಣ್ಣಿನ ಗಿಡ, ನಡುವೆ ಕುರಿ ಹಿಂಡು. ನಮ್ಮ ಕಡೆ ಹೆಣ್ಣು ಕೊಡುವವರು ವರನ ಮುಖ ಆಮೇಲೆ ನೋಡುತ್ತಾರೆ, ಮೊದಲು ಹೊಲ ನೋಡುತ್ತಾರೆ. ಎರಿ ಇದ್ದವನಿಗೆ ಕಣ್ಣು ಮೆಳ್ಳಗಿದ್ದರೂ ನಡೆಯುತ್ತದೆ. ನನ್ನಪ್ಪ ಡೋಣಿ ಹಳ್ಳದ ಕಡೆಯ ಎರಿ ಭೂಮಿಯವನು. ಇಲ್ಲಿಗೆ ಬಂದು ಈ ಎರಿಯನ್ನು ಮುಷ್ಟಿಯಲ್ಲಿ ಹಿಡಿದು ನೋಡಿ, ಎದ್ದು ನಿಂತು ನನ್ನನ್ನು ಕೊಡುವ ಮಾತು ಕೊಟ್ಟು ಹೋದ. ಮಡ್ಡಿಯನ್ನು ಅವನಿಗೆ ಯಾರೂ ತೋರಿಸಲಿಲ್ಲ. ಬಿಸಿಲು ಬಹಳ ಇತ್ತಂತೆ.

ನಿಮ್ಮಜ್ಜ ಹೋದ ಮೇಲೆ ಪಾಲಾಯಿತು. ಎರಿ ದೊಡ್ಡಜ್ಜನಿಗೆ, ಮಡ್ಡಿ ನಮಗೆ. ಗಂಡಸಿಲ್ಲದ ಮನೆಗೆ ಭಾರೀ ಹೊಲದ ತ್ರಾಸು ಯಾಕೆ ಎಂದು ದೊಡ್ಡಜ್ಜನಿಗೆ ನಮ್ಮ ಮೇಲೆ ಕರುಣೆ. ನಿಮ್ಮಪ್ಪನಿಗೆ ಆಗ ಮೀಸೆ ಚಿಗುರಿತ್ತು, ಮಾತು ಚಿಗುರಿರಲಿಲ್ಲ, ದೊಡ್ಡಪ್ಪ ಹೇಳಿದ್ದಕ್ಕೆ ಹೂಂ ಎಂದ. ಆ ಕರುಣೆ ಅಷ್ಟಕ್ಕೇ ನಿಲ್ಲಲಿಲ್ಲ. ರಸ್ತೆಗೆ ಗರಸು ಹಾಕಿಸುವ ಒಬ್ಬ ಗುತ್ತಿಗೆದಾರನಿಗೆ ನಮ್ಮ ಮಡ್ಡಿಯ ಮೇಲೆ ಕಣ್ಣು ಬಿದ್ದಿತ್ತು. ಮಡ್ಡಿಯನ್ನು ಮಾರಿಬಿಡಿರಿ, ಅವನು ತೋಡಿಕೊಂಡು ಹೋಗಲಿ ಎಂದು ದೊಡ್ಡಜ್ಜ ಬೆನ್ನು ಹತ್ತಿದ. ಗರಸಿನ ಖಣಿ ಆದ ಹೊಲಗಳನ್ನು ನಾನು ಇಟ್ಟಂಗಿಹಾಳದ ಕಡೆ ಬಸ್ಸಿನಿಂದ ನೋಡಿದ್ದೆ. ಹಲ್ಲು ಕಿತ್ತ ಬಾಯಿಯ ಹಾಗೆ ಇರುತ್ತವೆ. ಇದ್ದದ್ದು ಅದೊಂದು ಹೊಲ. ಅದು ಹೋದರೆ ನಿಮ್ಮಪ್ಪ ದೊಡ್ಡಜ್ಜನ ಎರಿಯಲ್ಲಿ ಆಳಾಗಬೇಕು, ನಾನು ಅವನ ಮನೆಯ ಒಲೆಗೆ. ಇದು ನನಗೆ ಕನ್ನಡಿಯಷ್ಟು ನಿಚ್ಚಳ ಕಾಣುತ್ತಿತ್ತು. ಆದರೆ ಹೇಳುವುದು ಹೇಗೆ?

ಹೇಗೆ ಎಂದರೆ, ನಾವು ಭಾವನ ಜೊತೆ ಮಾತಾಡುವವರಲ್ಲ. ಈಗ ನಿಮ್ಮವ್ವ ಅವನ ಎದುರಿಗೆ ಕುರ್ಚಿಯ ಮೇಲೆ ಕೂತು ಚಹಾ ಕುಡಿಯುತ್ತಾಳೆ, ನಿಮಗಿದು ತಿಳಿಯಲಿಕ್ಕಿಲ್ಲ. ಗಂಡನ ಅಣ್ಣ ಬಂದರೆ ಸೆರಗು ಹಣೆಗೆ ಬರಬೇಕು, ನಾವು ಬಾಗಿಲ ಹಿಂದೆ ಹೋಗಬೇಕು. ಏನಾದರೂ ಹೇಳುವುದಿದ್ದರೆ ಮೂರನೆಯವರಿಗೆ ಹೇಳಬೇಕು. ‘ತಂಗೀ, ಅವರಿಗೆ ಊಟಕ್ಕ ಏಳಂತ ಹೇಳು.’ ಅವನೂ ಹಾಗೆಯೇ. ಮೂರನೆಯವರು ಇಲ್ಲದಿದ್ದರೆ ಗೋಡೆಗೆ, ಕಂಬಕ್ಕೆ, ಎಮ್ಮೆಗೆ. ಮದುವೆಯಾಗಿ ಬಂದಂದಿನಿಂದ ದೊಡ್ಡಜ್ಜನ ಜೊತೆ ನಾನು ಆಡಿದ ಮಾತುಗಳನ್ನೆಲ್ಲ ಕೇಳಿ ಕೇಳಿ ನಮ್ಮ ಎಮ್ಮೆಯೇ ಸೊಸೆಯಾಗುವಷ್ಟು ಸಂಸಾರ ಕಲಿತಿತ್ತು. ನಿಮ್ಮಜ್ಜ ಇರುವ ತನಕ ಹೇಗೋ ನಡೆಯಿತು. ಅವರು ಹೋದ ಮೇಲೆ ಹೊಲ ಮಾರುವ ಮಾತಿಗೆ ಎಮ್ಮೆ ಸಾಲಲಿಲ್ಲ.

ಅಷ್ಟರಲ್ಲಿ ದೊಡ್ಡಜ್ಜ ಒಂದು ಪರಾಕ್ರಮ ಮಾಡಿದ. ಅವನ ಎರಿಯ ಮೇಲಿನ ಅಂಚಿಗೆ ಒಂದು ಪಟ್ಟಿ ಮಡ್ಡಿ ಸೇರಿಕೊಂಡಿತ್ತು. ನೀರೇನಿದ್ದರೂ ಎರಿಗೇ ಬರುವುದು, ಮಡ್ಡಿ ಎಂದು ಬರೆದರೆ ನೀರಿಲ್ಲ ಎಂದು ಊರೆಲ್ಲ ನಂಬಿತ್ತು. ಅದಕ್ಕೆ ಅವನು ಕೆರೆಯ ಹೂಳನ್ನು ಟ್ರ್ಯಾಕ್ಟರಿನಲ್ಲಿ ತರಿಸಿ ಆ ಪಟ್ಟಿಯ ತುಂಬ ಹರಡಿಸಿ, ಮೇಲೆ ಕುಂಟೆ ಹೊಡೆಸಿದ. ನೋಡಿದರೆ ಕರ್ರಗೆ, ನುಣ್ಣಗೆ, ಮದುಮಗನ ಮನೆಯವರು ತೋರಿಸುವ ಹೊಲದ ಹಾಗೆ. ಅವನನ್ನು ನೋಡಿ ಮಡ್ಡಿಯ ಬೇರೆ ಧಣಿಗಳೂ ಕೆರೆಗೆ ಓಡಿದರು. ಆ ವರ್ಷ ನಮ್ಮ ಕೆರೆಯ ಹೂಳು ಸರಕಾರದ ಖರ್ಚಿಲ್ಲದೆ ಖಾಲಿಯಾಯಿತು. ಸಾಹೇಬರಿಂದ ಊರಿಗೆ ಆದ ಮೊದಲ ಉಪಕಾರ ಇದೇ.

ಸಾಹೇಬರು ಆ ಪಟ್ಟಿಯ ನಡುವೆಯೇ ತೆಗ್ಗು ತೋಡಿಸಿದರು. ದೊಡ್ಡಜ್ಜ ದಂಡೆಯ ಮೇಲೆ ನಿಂತು, “ನಮ್ಮಜ್ಜನ ಕಾಲದಿಂದ ಎರಿ ರೀ ಇದು, ಬಂಗಾರದಂಥ ಎರಿ” ಎನ್ನುತ್ತಿದ್ದ. ಎರಡು ಗೇಣು ಕರಿ ಮಣ್ಣು ಹೋಯಿತು, ಕೆಳಗೆ ಗರಸು ಬಂತು. ಕರಿ ಮಣ್ಣು ಮತ್ತು ಗರಸಿನ ನಡುವೆ ಗುಟಕಾದ ಒಂದು ಖಾಲಿ ಪಾಕೀಟು ಸಿಕ್ಕಿತು. ಸಾಹೇಬರು ಅದನ್ನು ಎರಡು ಬೆರಳಿನಿಂದ ಎತ್ತಿ, ಮಣ್ಣು ಒರೆಸಿ, ಬೆಳಕಿಗೆ ಹಿಡಿದು ನೋಡಿದರು.

“ಖರೇನ ಭಾಳ ಹಳೇ ಎರಿ ನೋಡ್ರಿ ಇದು. ನಿಮ್ಮಜ್ಜಾರು ಇದನ್ನ ತಿಂತಿದ್ರೇನ್ರಿ?”

ಆಳುಗಳು ಹಾರೆ ಕೆಳಗೆ ಬಿಟ್ಟು ನಕ್ಕರು. ದೊಡ್ಡಜ್ಜನಿಗೆ ಆ ದಿನದಿಂದ ಸಾಹೇಬರು ಕಣ್ಣಿನ ಕಸವಾದರು. ಆದರೆ ಇನ್ನೂ ನಕಾಶೆ ಬರೆದಿರಲಿಲ್ಲ, ಹೀಗಾಗಿ ಕಣ್ಣಿನ ಕಸಕ್ಕೆ ದಿನಾ ಸಂಜೆ ಶೇಂಗಾ ಹೋಳಿಗೆ ಹೋಗುತ್ತಿತ್ತು. ಮಾಡುವವಳು ಯಾರೆಂದು ಬೇರೆ ಹೇಳಬೇಕೆ?

ನಮ್ಮ ಮಡ್ಡಿಯ ಸರದಿ ಬಂದ ದಿನ ನಾನು ಆಳುಗಳಿಗೆ ಬುತ್ತಿ ಕೊಡಲು ಹೋಗಿದ್ದೆ. ತೆಗ್ಗು ಆಗಲೇ ತೋಡಿಯಾಗಿತ್ತು. ಸಾಹೇಬರು ದಂಡೆಯ ಮೇಲೆ ಕೂತು ಕೈಯಲ್ಲಿ ಮಣ್ಣು ನಾದುತ್ತಿದ್ದರು. ದೊಡ್ಡಜ್ಜ ಆ ಗರಸಿನ ಗುತ್ತಿಗೆದಾರನನ್ನೂ ಕರೆದುಕೊಂಡು ಬಂದಿದ್ದ. ನಿಮ್ಮಪ್ಪ ಅವರಿಬ್ಬರ ಹಿಂದೆ, ನೆಲ ನೋಡುತ್ತ ನಿಂತಿದ್ದ.

“ಇದರಾಗ ನೋಡೂದೇನೈತ್ರಿ ಸಾಹೇಬ್ರ” ಎಂದ ದೊಡ್ಡಜ್ಜ. “ನೀರಾವರಿಗೆ ಬರೂದಿಲ್ಲಂತ ಬರ್ದು ಬಿಡ್ರಿ. ಇವತ್ತ ಮಾತು ಮುಗಿಸಿ ಬಿಡತೀವಿ. ಹುಡುಗ ಹೂಂ ಅಂದಾನ.”

ಸಾಹೇಬರು ತಲೆ ಎತ್ತಲಿಲ್ಲ. “ಹೊಲ ಹುಡುಗಂದೇನು?”

“ಅವ್ರವ್ವಂದು. ಎರಡೂ ಒಂದ ಅಲ್ರೀ?”

ನಾನು ಬುತ್ತಿಗಂಟನ್ನು ಕೆಳಗಿಟ್ಟೆ. ಅಲ್ಲಿ ಎಮ್ಮೆ ಇರಲಿಲ್ಲ, ಕಂಬ ಇರಲಿಲ್ಲ. ಇದ್ದವರು ಸಾಹೇಬರು. ಸೆರಗನ್ನು ಮೂಗಿನ ತನಕ ಎಳೆದುಕೊಂಡು ಅವರ ಕಡೆ ತಿರುಗಿ, “ಸಾಹೇಬ್ರ, ಹೊಲ ಕೊಡೂದಿಲ್ಲಂತ ಅವರಿಗೆ ಹೇಳ್ರಿ” ಎಂದೆ.

ಅವರು ಕೈಯಲ್ಲಿದ್ದ ಮಣ್ಣನ್ನು ಕೆಳಗೆ ಹಾಕಿ ನನ್ನ ಕಡೆ ನೋಡಿದರು. ಬೇರೆ ಯಾರೇ ಇದ್ದರೂ ಆ ಮಾತನ್ನು ಎತ್ತಿ ಅತ್ತ ಇಡುತ್ತಿದ್ದರು. ಅಷ್ಟು ದಿನ ನನ್ನ ಕೈಯಿಂದ ಉಂಡವರು, ಅಷ್ಟು ಮಾಡಬಾರದೇ? ಮಾಡಲಿಲ್ಲ.

“ನಾ ಏನ್ ನಿಮ್ಮನಿ ಗ್ವಾಡಿ ಏನ್ರೀ? ಅವ್ರು ಅಲ್ಲೇ ನಿಂತಾರ. ಕಿವಿ ಎರಡೂ ಅದಾವ. ನೀವ ಹೇಳ್ರಿ.”

ಗುತ್ತಿಗೆದಾರ ಗಂಟಲು ಸರಿಮಾಡಿಕೊಂಡ. ದೊಡ್ಡಜ್ಜ ಆಕಾಶ ನೋಡಿದ. ಸಾಹೇಬರಿಗೆ ಸಿಟ್ಟು ಬಂದಿತ್ತು. ಬಿಸಿಲಿಗೆ ಬಂದದ್ದೋ ನನ್ನ ಮೇಲೆ ಬಂದದ್ದೋ. “ಇಳೀರಿ ಕೆಳಗ” ಎಂದು ತೆಗ್ಗಿನ ಕಡೆ ಕೈ ತೋರಿಸಿದರು. “ಮಾರೂದಿರಲಿ, ಇಟ್ಟುಕೊಳ್ಳೂದಿರಲಿ, ಏನೈತಿ ಅಂತ ಒಮ್ಮೆ ನೋಡಿ ಮಾತಾಡ್ರಿ. ಇಲ್ಲಂದ್ರ ಬಾಯಿ ಮುಚ್ಚಿಕೊಂಡು ಮನೀಗೆ ನಡೀರಿ, ನನಗ ಕೆಲಸ ಐತಿ.”

ನಾನು ಇಳಿದೆ. ಅಷ್ಟು ಗಂಡಸರ ಮುಂದೆ ನಿಂತಿರುವುದಕ್ಕಿಂತ ನೆಲದೊಳಗೆ ಹೋಗುವುದೇ ಸುಖ ಅನ್ನಿಸಿತ್ತು. ಒಳಗೆ ತಂಪು. ಮಣ್ಣಿನ ಹಸಿ ವಾಸನೆ. ಅವರು ಮೇಲಿನಿಂದ ಕೋಲು ಇಳಿಬಿಟ್ಟು ತೋರಿಸಿದರು. ಮೇಲೆ ಬೆಲ್ಲದ ಬಣ್ಣದ ತೆಳು ಮಣ್ಣು. ಕೆಳಗೆ ಗರಸು. ಆದರೆ ಅದು ಕಲ್ಲಿನಂತೆ ಒಂದೇ ಗಟ್ಟಿ ಇರಲಿಲ್ಲ. ಕೈ ಹಚ್ಚಿದರೆ ಹಳೆಯ ರೊಟ್ಟಿಯ ಹಾಗೆ ಪದರು ಪದರಾಗಿ ಬಿಡುತ್ತಿತ್ತು, ನಡುವೆ ಬಿಳಿ ಸುಣ್ಣದ ಹರಳು. ದಂಡೆಯ ಮೇಲಿದ್ದ ಮೊಣಕಾಲುದ್ದದ ಬಾರಿ ಗಿಡದ ಬೇರು ಆ ಪದರುಗಳ ಸಂದಿಯಲ್ಲಿ ಇಳಿದು, ನನ್ನ ಮುಖದ ಮುಂದಿನಿಂದ, ಎದೆಯ ಮುಂದಿನಿಂದ ಹೋಗಿ, ನನ್ನ ಪಾದದ ಹತ್ತಿರ ಇನ್ನೂ ಕೆಳಗೆ ಹೊರಟಿತ್ತು. ಮೇಲೆ ಬಡಪಾಯಿಯಂತೆ ಕಾಣುವ ಗಿಡ, ಒಳಗೆ ಅದರ ಸಂಸಾರ ನೋಡಿದರೆ ದೊಡ್ಡಜ್ಜನ ವಾಡೆಗಿಂತ ದೊಡ್ಡದು.

“ಬೇರಿಗೆ ಹಾದಿ ಸಿಕ್ಕೈತಿ ನೋಡ್ರಿ” ಎಂದರು ಸಾಹೇಬರು. “ಹಾಯಿನೀರು ಬಿಟ್ರ ಇದು ಹಿಡಿಯೂದಿಲ್ಲ, ಸೋರಿ ಹೋಗ್ತೈತಿ. ಸ್ವಲ್ಪ ಸ್ವಲ್ಪ, ಹನಿ ಹನಿ ಕೊಟ್ರ ದ್ರಾಕ್ಷಿ ಬರ್ತೈತಿ. ಎರಿಗೆ ಕೊಟ್ಟಂಗ ಕೊಡಬಾರದು, ಎರಿಗೆ ಕೊಟ್ಟಷ್ಟೂ ಕೊಡಬಾರದು.”

ನನ್ನ ಕಣ್ಣು ಈಗ ದೊಡ್ಡಜ್ಜನ ಚಪ್ಪಲಿಯ ಮಟ್ಟಕ್ಕಿತ್ತು. ಅವನ ಮುಖ ಕಾಣುತ್ತಿರಲಿಲ್ಲ. ಅದರಿಂದಲೇ ಧೈರ್ಯ ಬಂದಿರಬೇಕು. ಆ ಚಪ್ಪಲಿಗಳ ಕಡೆ ನೋಡುತ್ತ, “ಬಾವಾರ, ನಾ ಹೊಲ ಕೊಡೂದಿಲ್ರಿ” ಎಂದೆ.

ಚಪ್ಪಲಿಗಳು ಒಂದು ಹೆಜ್ಜೆ ಹಿಂದೆ ಸರಿದವು. ಮೇಲಿನಿಂದ ದೊಡ್ಡಜ್ಜನ ಧ್ವನಿ ಕೇಳಿಸಿತು. “ಸಾಹೇಬ್ರ, ಮನೀತನದ ಮರ್ಯಾದಿ ಅಂತ ಒಂದಿರ್ತೈತಿ ಅಂತ ಆಕಿಗೆ ಹೇಳ್ರಿ.”

“ಯಪ್ಪಾ, ನಾ ನಿಮಗೂ ಗ್ವಾಡಿ ಅಲ್ಲ” ಎಂದರು ಸಾಹೇಬರು. “ಸರೀರಿ ಅತ್ತ, ಬೆಳಕು ಬರವಲ್ದು.”

ಗುತ್ತಿಗೆದಾರ ತನ್ನ ಮೋಟರ್ ಸೈಕಲ್ ಹತ್ತಿದ. ನಿಮ್ಮಪ್ಪ ಕೈ ಕೊಟ್ಟು ನನ್ನನ್ನು ಮೇಲೆ ಎಳೆದುಕೊಂಡ. ಆಳುಗಳಿಗೆ ಬುತ್ತಿ ಬಿಚ್ಚಿ ಕೊಟ್ಟೆ ಎಂದು ಬರೆಯಬಹುದಿತ್ತು, ನೀವು ಅಲ್ಲಿರಲಿಲ್ಲ. ಆದರೆ ಬುತ್ತಿಗಂಟನ್ನು ಹಾಗೆಯೇ ಮನೆಗೆ ತಂದಿದ್ದೆ.

ಇಷ್ಟು ಓದಿ, ಸಾಹೇಬರು ನಮ್ಮ ಪಾಲಿಗೆ ದೇವರಂತೆ ಬಂದರು ಎಂದು ತಿಳಿದಿದ್ದರೆ ಮುಂದಿನದನ್ನೂ ಓದಿರಿ. ನಕಾಶೆ ತಯಾರಾಗಿ ಪಂಚಾಯ್ತಿಯ ಗೋಡೆಗೆ ಬಿತ್ತು. ಊರಿಗೆ ಊರೇ ನೋಡಲು ಹೋಯಿತು. ಹಸಿರು, ಹಳದಿ, ಕೆಂಪು ಬಣ್ಣ ತುಂಬಿದ ಊರು, ನಮ್ಮದೇ ಊರು ಎಂದು ಗುರುತು ಹತ್ತಲಿಲ್ಲ. ನಮ್ಮ ಮಡ್ಡಿಯ ಕೆಳಗಿನ ಅರ್ಧ ಹಸಿರು. ಮೇಲಿನ ಅರ್ಧ ಕೆಂಪು. ಕೆಂಪು ಎಂದರೆ ನೀರು ಕೊಡತಕ್ಕದ್ದಲ್ಲ, ಹುಲ್ಲಿಗೆ ಬಿಡುವುದು. ನನಗೆ ಉರಿಯಿತು. ಆ ಸಂಜೆ ತಾಟು ಇಡುವಾಗ ಕೇಳಿಯೇ ಬಿಟ್ಟೆ. ಮಾತು ಒಮ್ಮೆ ಬಂದಮೇಲೆ ಮತ್ತೆ ಬರುತ್ತದೆ, ಕೆಟ್ಟ ಚಟ.

“ಸಾಹೇಬ್ರ, ಒಂದ ಹೊಲ, ಒಂದ ಬದು. ಅರ್ಧ ಹ್ಯಾಂಗ ಬಿಟ್ರಿ?”

“ಮ್ಯಾಲಿನ ಅರ್ಧ ಬರೀ ಗರಸು. ತಳಕ್ಕ ಕಲ್ಲು. ನೀರು ಬಿಟ್ರ ಜರಡ್ಯಾಗ ಬಿಟ್ಟಂಗ.”

“ಒಂದೀಟು ಗೆರಿ ಮ್ಯಾಲ ಸರಿಸಿದ್ರ ಯಾರ ಗಂಟು ಹೋಗ್ತಿತ್ರಿ?”

ಅವರು ತುತ್ತನ್ನು ಕೈಯಲ್ಲೇ ಹಿಡಿದು, “ನಿಮ್ಮ ರೊಟ್ಟಿ ಉಂಡೀನಂತ ಕಲ್ಲು ಮಣ್ಣಾಗ್ತೈತೇನ್ರೀ?” ಎಂದರು. ಆಮೇಲೆ ಅದೇ ತುತ್ತನ್ನು ಚಟ್ನಿಗೆ ಅದ್ದಿ, “ಬೆಳ್ಳುಳ್ಳಿ ಕಡಿಮಿ ಆಗೈತಿ” ಎಂದರು. ಮರುದಿನ ನಾನು ಬೆಳ್ಳುಳ್ಳಿಯನ್ನೇ ಹಾಕಲಿಲ್ಲ. ಕೆಲಸ ಮುಗಿಸಿ ಅವರು ಹೋಗುವ ತನಕ ನಮ್ಮ ಮನೆಯಲ್ಲಿ ಬೆಳ್ಳುಳ್ಳಿ ಸಿಗಲಿಲ್ಲ.

ದೊಡ್ಡಜ್ಜನ ಸಂಕಟ ಬೇರೆ ಥರದ್ದು. ಅವನ ಎರಿಯನ್ನು ನಕಾಶೆಯಲ್ಲಿ ಹಳದಿ ಮಾಡಿದ್ದರು. ಆಳ ಎರಿ, ನೀರು ಹಿಡಿದಿಟ್ಟುಕೊಳ್ಳುತ್ತದೆ, ಕೆಳಗೆ ಉಪ್ಪಿದೆ. ನೀರು ಕಡಿಮೆ ಸಲ ಬಿಡಬೇಕು, ಬಸಿದು ಹೋಗಲು ದಾರಿ ಮಾಡಬೇಕು, ಇಲ್ಲದಿದ್ದರೆ ಉಪ್ಪು ಮೇಲೆ ಬಂದು ಸವಳು ಏಳುತ್ತದೆ ಎಂದು ಅದರ ಅರ್ಥ. “ಎರಿಗೆ ಕಡಿಮಿ ನೀರಂತ, ಮಡ್ಡಿಗೆ ಡ್ರಿಪ್ ಅಂತ! ನಾಳೆ ಗಂಡಸ್ರು ರೊಟ್ಟಿ ಬಡೀರಿ, ಹೆಂಗಸ್ರು ರಂಟಿ ಹೊಡೀರಿ ಅಂತಾನ” ಎಂದು ದೊಡ್ಡಜ್ಜ ಕಟ್ಟೆಯ ಮೇಲೆ ಭಾಷಣ ಮಾಡಿದ. ಹೂಳು ಹರಡಿದವರೆಲ್ಲ ಚಪ್ಪಾಳೆ ತಟ್ಟಿದರು. ನನ್ನ ತವರಿನ ಕಡೆ ಹಳ್ಳದ ಸಾಲಿನಲ್ಲಿ ಸವಳು ಎದ್ದ ನೆಲವನ್ನು ಎಮ್ಮೆಗಳು ನೆಕ್ಕುವುದನ್ನು ನಾನು ಸಣ್ಣವಳಿದ್ದಾಗ ನೋಡಿದ್ದೆ. ಹೇಳಿ ಕಳಿಸಿದೆ. ಎಮ್ಮೆ ನೆಕ್ಕಿದ ಮಾತನ್ನು ಗಂಡಸರು ಯಾಕೆ ಕೇಳುತ್ತಾರೆ?

ನಿಮ್ಮಪ್ಪನ ಮದುವೆಯಾಗಿ, ನೀವಿಬ್ಬರೂ ಹುಟ್ಟಿದ ಮೇಲೆ ನೀರು ಬಂತು. ನಿಮ್ಮಪ್ಪ ಹಸಿರು ಅರ್ಧಕ್ಕೆ ಡ್ರಿಪ್ ಹಾಕಿಸಿ ದ್ರಾಕ್ಷಿ ಹಚ್ಚಿದ. ದೊಡ್ಡಜ್ಜ ತನ್ನ ಎರಿಗೆ ಕಬ್ಬು ಹಚ್ಚಿ, ನೀರನ್ನು ಹಬ್ಬದ ಹೋಳಿಗೆಗೆ ತುಪ್ಪ ಸುರಿದಂತೆ ಸುರಿದ. ಎರಡು ವರ್ಷ ಕಬ್ಬು ಆಳೆತ್ತರ ಬೆಳೆಯಿತು. ನಮ್ಮ ದ್ರಾಕ್ಷಿ ಬಳ್ಳಿ ಇನ್ನೂ ಕಂಬ ಹಿಡಿಯಲು ತಡಕಾಡುತ್ತಿತ್ತು. ಆ ಎರಡು ವರ್ಷ ದೊಡ್ಡಜ್ಜನ ನಗು ನೋಡಬೇಕಿತ್ತು. ಮೂರನೆಯ ವರ್ಷ ಅವನ ಹೊಲದ ತಗ್ಗಿನಲ್ಲಿ, ಯಾರೋ ರಂಗೋಲಿ ಚೆಲ್ಲಿದಂತೆ ಬಿಳಿ ಕಾಣಿಸಿತು. ಮುಂದೆ ಅದು ರಂಗೋಲಿ ಹೋಗಿ ಧೋತರವಾಯಿತು. ಕಬ್ಬು ಕೂತಲ್ಲೇ ಹಳದಿಯಾಯಿತು.

ಆಗ ದೊಡ್ಡಜ್ಜ ಗುಟ್ಟಾಗಿ ಸಾಹೇಬರನ್ನು ಕರೆಸಿದ. ಆ ಹೊತ್ತಿಗೆ ಅವರು ನೌಕರಿಯಿಂದ ನಿವೃತ್ತರಾಗಿದ್ದರು. ಗುಟ್ಟು ಎಂದರೆ ನಮ್ಮೂರಿನ ಗುಟ್ಟು, ಅವರು ತಿಕೋಟಾದಲ್ಲಿ ಬಸ್ಸು ಇಳಿಯುವಾಗಲೇ ನಮಗೆ ಸುದ್ದಿ ಬಂದಿತ್ತು. ಟವೆಲ್ಲು, ಟೊಪ್ಪಿಗೆ ಹಾಗೆಯೇ ಇದ್ದವು, ಹೊಟ್ಟೆ ಮಾತ್ರ ಇಳಿದಿತ್ತು. ಬಿಳಿ ಮಣ್ಣನ್ನು ಚಿವುಟಿ ನಾಲಿಗೆಗೆ ಹಚ್ಚಿಕೊಂಡು ಉಗುಳಿದರು. ಅಲ್ಲಲ್ಲಿ ಕಾಲುವೆ ತೋಡಿ, ತಳಕ್ಕೆ ತೂತಿನ ಪೈಪು ಹಾಕಿ, ಪೈಪಿನ ಸುತ್ತ ಒಂದು ಗೇಣು ದಪ್ಪ ಗರಸು ತುಂಬಿ ಮುಚ್ಚಬೇಕು, ಆಗ ಕೆಟ್ಟ ನೀರು ಬಸಿದು ಹಳ್ಳಕ್ಕೆ ಹೋಗುತ್ತದೆ ಎಂದರು. ನಾನು ನಮ್ಮ ಬದುವಿನ ಮೇಲಿಂದ ಕೇಳಿಸಿಕೊಂಡೆ.

“ಗರಸು ಎಲ್ಲಿಂದ ತರೂದ್ರಿ?” ಎಂದ ದೊಡ್ಡಜ್ಜ.

ಸಾಹೇಬರು ತಲೆ ಎತ್ತಿ ನಮ್ಮ ಹೊಲದ ಕೆಂಪು ಅರ್ಧದ ಕಡೆ ನೋಡಿದರು. ದೊಡ್ಡಜ್ಜ ಬೇರೆ ಕಡೆ ನೋಡಿದ.

ಹೋಗುವಾಗ ನಮ್ಮ ತೋಟಕ್ಕೂ ಬಂದರು. ನಾನು ಒಂದು ಗೊನೆ ದ್ರಾಕ್ಷಿ ಕೊಯ್ದು, ತೊಳೆದು ತಾಟಿನಲ್ಲಿ ಇಟ್ಟುಕೊಟ್ಟೆ. ಏನಾದರೂ ಒಳ್ಳೆಯ ಮಾತು ಬರಬಹುದು ಎಂದು ಸೆರಗು ಸರಿಮಾಡಿಕೊಂಡು ನಿಂತೆ. ಒಂದು ಹಣ್ಣು ಬಾಯಿಗೆ ಹಾಕಿಕೊಂಡು ಕಣ್ಣು ಮುಚ್ಚಿ ಅಗಿದರು.

“ನೀರು ಜಾಸ್ತಿ ಬಿಟ್ಟೀರಿ” ಎಂದರು.

ಅದೇ ಅವರು ನನ್ನ ಜೊತೆ ಆಡಿದ ಕೊನೆಯ ಮಾತು. ಗೊನೆಯನ್ನು ಮಾತ್ರ ಪೂರ್ತಿ ತಿಂದು, ತಾಟನ್ನು ಇದ್ದಲ್ಲೇ ಬಿಟ್ಟು ಹೋದರು.

ದೊಡ್ಡಜ್ಜ ಕಾಲುವೆ ತೋಡಿಸಿದ, ಪೈಪು ತಂದ, ಗರಸು ತರಲಿಲ್ಲ. ನಮ್ಮ ಗರಸು ಅವನ ಹೊಲದ ಕಣ್ಣೆದುರೇ ಬಿದ್ದಿದೆ, ಟ್ರ್ಯಾಕ್ಟರಿಗೆ ಒಂದು ಬೀಡಿ ಸೇದುವಷ್ಟು ದಾರಿ. ಆದರೆ ಕೇಳಬೇಕಲ್ಲ! ನನ್ನನ್ನು ಕೇಳುವುದಕ್ಕಿಂತ ಹೊಲವನ್ನು ಉಪ್ಪಿಗೆ ಬಿಡುವುದು ಅವನಿಗೆ ಸುಲಭವಾಯಿತು. ತೋಡಿದ ಕಾಲುವೆಗಳು ಬಾಯಿ ತೆರೆದುಕೊಂಡು ಎರಡು ಮಳೆಗಾಲ ಕಂಡವು. ನಾನಾಗಿ ಕೊಡಲಿಲ್ಲವೇ ಎಂದು ನೀವು ಕೇಳಬಹುದು. ಕೊಡಲಿಲ್ಲ. ಕೇಳಲಿ ಎಂದು ಕಾದೆ. ಈ ವಯಸ್ಸಿನಲ್ಲಿ ನನಗೆ ಬೇರೆ ಮನರಂಜನೆ ಇಲ್ಲ.

ಸಾಹೇಬರ ಸುದ್ದಿ ಬಂದ ಮರುದಿನ ಮಧ್ಯಾಹ್ನ ಮನೆಯಲ್ಲಿ ಯಾರೂ ಇರಲಿಲ್ಲ. ನಿಮ್ಮಪ್ಪ, ನಿಮ್ಮವ್ವ ತೋಟದಲ್ಲಿ, ನೀವು ಸಾಲೆಯಲ್ಲಿ. ದೊಡ್ಡಜ್ಜ ಕೋಲು ಊರಿಕೊಂಡು ಬಂದು ಬಾಗಿಲಲ್ಲಿ ನಿಂತ. ಒಳಗೆ ಇಣುಕಿ ನೋಡಿದ, ಅಂಗಳ ನೋಡಿದ. ಎಮ್ಮೆಯನ್ನು ನಾವು ಎಂದೋ ಮಾರಿದ್ದೆವು.

“ಯಾರರ ಅದಾರೇನು ಒಳಗ?” ಎಂದ.

ನಾನು ಹೊಸ್ತಿಲಿಗೆ ಬಂದು ನಿಂತೆ. “ನಾ ಇದ್ದೀನ್ರಿ ಬಾವಾರ.”

ಅವನು ಕೋಲಿನ ತುದಿಯಿಂದ ನೆಲ ಕೆದರಿದ. “ಮಣ್ಣಿನ ಸಾಹೇಬ ಹ್ವಾದನಂತ.”

“ಹೌದ್ರಿ.”

“ಗರಸು ಬೇಕಾಗಿತ್ತು” ಎಂದ. ನನಗೇ ಹೇಳಿದ. ಗೋಡೆಗಲ್ಲ, ಕಂಬಕ್ಕಲ್ಲ. ಧ್ವನಿ ಮುದುಕನದಾಗಿತ್ತು. ನನ್ನ ಕಡೆ ಎಂದೂ ತಿರುಗದ ಆ ಧ್ವನಿ ಯಾವಾಗ ಹಾಗಾಯಿತೋ ನನಗೆ ಗೊತ್ತೇ ಆಗಿರಲಿಲ್ಲ.

“ತಗೊಂಡು ಹೋಗ್ರಿ. ಬೇಕಾದಷ್ಟು ಒಯ್ರಿ. ಖಣಿ ಮಾಡಬ್ಯಾಡ್ರಿ, ತೆಗೆದಲ್ಲಿ ಸಪಾಟ ಮಾಡಿ ಹೋಗ್ರಿ.”

ಅವನು ಹೂಂ ಎಂದು ತಿರುಗಿದವನು ಮತ್ತೆ ನಿಂತ. “ಪೈಪಿನ ಸುತ್ತ ಎಷ್ಟು ದಪ್ಪ ಹಾಕಬೇಕಂತ ಹೇಳಿದ್ದಂವ? ನಾ ಆವಾಗ ಲಕ್ಷ್ಯ ಕೊಡಲಿಲ್ಲ.”

“ಒಂದು ಗೇಣ್ರಿ.”

ದೊಡ್ಡಜ್ಜ ತನ್ನ ಕೈ ಎತ್ತಿ, ಸುಕ್ಕುಗಟ್ಟಿದ ಬೆರಳುಗಳನ್ನು ಅಗಲಿಸಿ ನೋಡಿಕೊಂಡ. ಆಮೇಲೆ ನನ್ನ ಕೈ ನೋಡಿದ.

“ನನ್ನ ಗೇಣೋ, ನಿನ್ನ ಗೇಣೋ?”

“ಗರಸು ನಂದಲ್ಲೇನ್ರೀ?” ಎಂದೆ. “ನನ್ನ ಗೇಣು.”